ಸುಕ್ಕುಗಟ್ಟಿದ ಬೆಳ್ಳಿಬಣ್ಣ

ಟರ್ಪೆಂಟೈನ್ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ಬೆರಳುಗಳು ನೆನಪಾಗುತ್ತವೆ. ರಜೆ ಬಂತೆಂದರೆ ಅವರು ಕಿಟಕಿಯ ಸರಳುಗಳಿಗೆ ಬಣ್ಣ ಹಚ್ಚಲು ಕೂರುತ್ತಿದ್ದರು. ಆಮೇಲೆ ಎಷ್ಟು ಸೋಪು ತಿಕ್ಕಿದರೂ ವಾಸನೆ ಬಿಡುತ್ತಿರಲಿಲ್ಲ. ಊಟಕ್ಕೆ ಕೂತಾಗ ಪ್ರತಿ ತುತ್ತಿಗೂ ಮುಖ ಕಿವುಚುತ್ತಿದ್ದರು. ನಾನೂ ತಮ್ಮನೂ ತಟ್ಟೆಯ ಕಡೆ ಬಗ್ಗಿ ನಗುತ್ತಿದ್ದೆವು.

ಆ ಶನಿವಾರ ಅದೇ ವಾಸನೆ ನಮ್ಮ ಅಂಗಳದಲ್ಲಿ ತುಂಬಿತ್ತು. ತಮ್ಮ ತನ್ನ ವ್ಯಾನಿನ ಚಕ್ರಗಳನ್ನೆಲ್ಲ ಬಿಚ್ಚಿ ಸಾಲಾಗಿ ಮಲಗಿಸಿದ್ದ. ಅವನು ಶಾಲೆಯ ಮಕ್ಕಳನ್ನು ಕರೆದೊಯ್ಯುವವನು. ಮಕ್ಕಳ ಬಾಯಲ್ಲಿ ‘ವ್ಯಾನ್ ಮಾಮ’. ನಿವೃತ್ತಳಾದ ಮೇಲೆ ನಾನು ಅವನ ಮನೆಯಲ್ಲೇ ಇದ್ದೇನೆ.

ಶಾಲೆಗೆ ಬಂದ ಹೊಸ ಮೇಲ್ವಿಚಾರಕರು ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ನಿಂತು ಒಂದೊಂದೇ ವ್ಯಾನನ್ನು ನೋಡುತ್ತಾರಂತೆ. ತುಕ್ಕು ಕಂಡರೆ ಆ ವ್ಯಾನಿನ ಮಕ್ಕಳನ್ನು ಬೇರೆಯವರಿಗೆ ಹಂಚಿಬಿಡುತ್ತಾರಂತೆ. ತಮ್ಮನ ವ್ಯಾನಿನ ಎಂಜಿನ್ನು, ಬ್ರೇಕು ಎಲ್ಲ ಗಟ್ಟಿ. ರಿಮ್ಮುಗಳು ಮಾತ್ರ ಹಪ್ಪಳೆ ಎದ್ದು ಉದುರುತ್ತಿದ್ದವು. ಡ್ರೈವರುಗಳೆಲ್ಲ ಒಟ್ಟಿಗೇ ಮುಗಿಬಿದ್ದಿದ್ದರಿಂದ ಪೇಂಟರು ಆಗಲ್ಲ ಎಂದುಬಿಟ್ಟ.

“ಕಿಟಕಿಗೆ ಹಚ್ಚಿದವರ ಮಗ ಚಕ್ರಕ್ಕೆ ಹಚ್ಚೋಕಾಗಲ್ವೇನಕ್ಕ?” ಎಂದು ತಮ್ಮ ತುಕ್ಕು ಉಜ್ಜಲು ಉಪ್ಪುಕಾಗದ ಹಿಡಿದು ಕೂತ.

ಟೈರಿಗೆ ಬಣ್ಣ ತಾಗದಂತೆ, ರಿಮ್ಮಿನ ಸುತ್ತ ಸಂದಿಯಲ್ಲಿ ಇಸ್ಪೀಟು ಎಲೆಗಳನ್ನು ಸಿಕ್ಕಿಸುವ ಕೆಲಸ ನನ್ನದು.

“ರಾಜ, ರಾಣಿ ಎಲ್ಲ ಕೂಲಿಗೆ ಬಂದ್ಬಿಟ್ರಲ್ಲೋ” ಎಂದೆ.

“ಗುಲಾಮರು ಹಚ್ತಿದ್ದಾರೆ, ಅವರು ನೋಡ್ಲಿ ಬಿಡು.”

ಮನೆಯಲ್ಲಿ ಉಳಿದಿದ್ದ ಬೆಳ್ಳಿಬಣ್ಣದ ಎನಾಮಲ್ಲನ್ನು ಬ್ರಷ್ಷಿನಿಂದ ಹಚ್ಚಿದ. ಸಂಜೆ ತಮ್ಮನ ಹೆಂಡತಿ, ನನ್ನ ನಾದಿನಿ, ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಏನ್ರೀ ಇದು, ಪೊರಕೇಲಿ ಹಚ್ಚಿದ್ರಾ? ಗೆರೆಗೆರೆ ಎದ್ದಿದೆ.”

“ನೋಡೋಕೆ ಬರೋನು ಭೂತಗನ್ನಡಿ ತರಲ್ಲ ಕಣೇ.”

ಹಾಗಂದರೂ ಅವಳ ಮಾತು ಅವನಿಗೆ ಮುಳ್ಳಿನ ಹಾಗೆ ನಾಟಿತ್ತು. ಭಾನುವಾರ ಬೆಳಿಗ್ಗೆಯೇ ಹೋಗಿ ಸ್ಪ್ರೇ ಡಬ್ಬಿಗಳನ್ನು ತಂದ. ಹಿಂದಿನ ದಿನ ಹಚ್ಚಿದ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದ. ಅಂಟಲಿಲ್ಲ. ಒಣಗಿದೆ ಎಂದುಕೊಂಡು ಅದರ ಮೇಲೆಯೇ ನಾಲ್ಕೂ ಚಕ್ರಕ್ಕೆ ಬುಸ್ಸೆಂದು ಹೊಡೆದುಬಿಟ್ಟ. ಹೊಸ ಪಾತ್ರೆಯಂತೆ ಥಳಥಳಿಸಿದವು. ನಾದಿನಿಯನ್ನು ಕೂಗಿ ಕರೆದ.

ಅವಳು ಬಾಗಿಲಿಗೆ ಬರುವಷ್ಟರಲ್ಲಿ, ಬಿಸಿ ಹಾಲನ್ನು ಊದಿದಾಗ ಕೆನೆ ಮುದುಡುತ್ತದಲ್ಲ, ಹಾಗೆ ಬಣ್ಣ ಮುದುಡತೊಡಗಿತು. ಒಂದು ಚಕ್ರ, ಮತ್ತೊಂದು. ನಾವು ಮೂವರೂ ನೋಡುತ್ತ ನಿಂತೆವು. ನೋಡುವುದು ಬಿಟ್ಟು ಮಾಡುವಂಥದ್ದೇನೂ ಇರಲಿಲ್ಲ.

ಪೇಂಟರಿಗೆ ಫೋನ್ ಮಾಡಿದ. “ಆತುರಗಾರನಿಗೆ ಬುದ್ಧಿ ಮಟ್ಟ ಅನ್ನೋದು ಇದಕ್ಕೇ ಮಾರಾಯ” ಎಂಬ ಅವನ ದನಿ ನನಗೂ ಕೇಳಿಸಿತು. “ಮೇಲೆ ಒಣಗಿರುತ್ತೆ, ಒಳಗೆ ಹಸಿ. ಸ್ಪ್ರೇ ಹೋಗಿ ಅದನ್ನ ಕಚ್ಚಿ ಎಬ್ಬಿಸುತ್ತೆ. ಒಂದು ವಾರ ಬಿಟ್ಟು ಕೆರೆದು ಮೊದಲಿಂದ ಹಚ್ಬೇಕು.”

ವಾರ ಎಲ್ಲಿತ್ತು? ತಮ್ಮ ತಿನ್ನರ್ ಸುರಿದು ಒರೆಸಿದ. ಬಣ್ಣ ಕಿತ್ತು ಬರಲಿಲ್ಲ, ಬೂದಿ ಬಣ್ಣದ ಅಂಟಾಗಿ ತುಕ್ಕಿನೊಂದಿಗೆ ಕಲಸಿಕೊಂಡಿತು. ನಾದಿನಿ ಒಳಗಿನಿಂದ ಹಳೆಯ ಬಟ್ಟೆಗಳನ್ನು ತಂದು ತಂದು ಕೊಟ್ಟಳು. ಅವನ ಬೆರಳುಗಳು ಬಿಳಿಚಿಕೊಂಡವು. ಕೊನೆಗೆ ನಟ್ಟು ಕೂರುವ ಜಾಗವನ್ನಷ್ಟೇ ಚೊಕ್ಕವಾಗಿ ಕೆರೆದು, ಚಕ್ರಗಳನ್ನು ಹಾಗೆಯೇ ಏರಿಸಿದ. ಎಷ್ಟು ಸೋಪು ತಿಕ್ಕಿದರೂ ಅವನ ಕೈಯ ವಾಸನೆ ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಮಕ್ಕಳನ್ನು ಶಾಲೆಗೆ ಬಿಡಲು ಹೊರಟಾಗ ನಾನೂ ಪಕ್ಕದ ಸೀಟಿನಲ್ಲಿ ಕೂತು ಹೋದೆ. ಹೋಗಿ ಏನು ಮಾಡಬಲ್ಲೆ? ಆದರೂ ಹೋದೆ.

ಮೇಲ್ವಿಚಾರಕರು ಕೆಟ್ಟವರಲ್ಲ. ಬಗ್ಗಿ ರಿಮ್ಮನ್ನು ಮುಟ್ಟಿದರು, ಬೆರಳಿಗೆ ಅಂಟಿದ್ದನ್ನು ತಮ್ಮದೇ ಕರವಸ್ತ್ರಕ್ಕೆ ಒರೆಸಿಕೊಂಡರು.

“ಒಂದು ವಾರ ಕೊಡಿ ಸಾರ್.”

“ನಿಮಗೆ ಕೊಟ್ರೆ ಎಲ್ಲರಿಗೂ ಕೊಡ್ಬೇಕಾಗುತ್ತೆ. ಮುಂದಿನ ವರ್ಷ ಬನ್ನಿ, ನೋಡೋಣ.”

“ಪಾಪ, ರಿಮ್ಮು ಒಂದು ಬಿಟ್ಟರೆ...” ಎಂದು ನಾನು ಶುರು ಮಾಡಿದೆ. ಅವರು ನನಗೆ ಕೈಮುಗಿದು ಮುಂದಿನ ವ್ಯಾನಿನ ಕಡೆ ನಡೆದರು.

ಸಂಜೆ ಮಕ್ಕಳು ಬ್ಯಾಗು ಹೊತ್ತು ಬಂದು ನಮ್ಮ ವ್ಯಾನಿನ ಮುಂದೆಯೇ ಹಾದು ಬೇರೆ ವ್ಯಾನು ಹತ್ತುತ್ತಾರೆಂದು ತಮ್ಮನಿಗೆ ಗೊತ್ತಿತ್ತು. ಅದಕ್ಕೇ ಬೆಳಿಗ್ಗೆಯೇ, ತಾನು ಸದಾ ‘ಬಾಯಿಬಡುಕ’ ಎಂದು ಹಂಗಿಸುತ್ತಿದ್ದ, ಈಗ ಆ ಮಕ್ಕಳು ಪಾಲಿಗೆ ಬಂದಿದ್ದ ಇನ್ನೊಬ್ಬ ಡ್ರೈವರನ ಹತ್ತಿರ ಹೋದ.

“ಜುಟ್ಟಿನ ಹುಡುಗಿ ಇದೆಯಲ್ಲ, ಅದಕ್ಕೆ ಕಿಟಕಿ ಸೀಟು ಕೊಡು. ಇಲ್ಲಾಂದ್ರೆ ವಾಂತಿ ಮಾಡ್ಕೊಳುತ್ತೆ. ಅಣ್ಣತಮ್ಮ ಇಬ್ರನ್ನ ಒಟ್ಟಿಗೆ ಕೂರಿಸ್ಬೇಡ, ಕಚ್ಚಾಡ್ತಾರೆ.”

ಬಾಯಿಬಡುಕ ಆವತ್ತು ಒಂದು ಮಾತೂ ಆಡಲಿಲ್ಲ. ತಲೆಯಾಡಿಸಿ ತಮ್ಮನ ತೋಳನ್ನು ಹಿಡಿದುಕೊಂಡ.

ಮನೆಗೆ ಬಂದ ಮೇಲೆ ತಮ್ಮ ವ್ಯಾನಿನಿಂದ ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತಿದ್ದ. “ಇಳಿಯೋ” ಎಂದೆ. “ಇಳೀತೀನಿ, ನೀನು ನಡಿ ಅಕ್ಕ” ಎಂದ. ಮಧ್ಯಾಹ್ನವಾಯಿತು. ನಾನು ಮೆಟ್ಟಿಲ ಮೇಲೆ ಕೂತೇ ಇದ್ದೆ.

ನಾದಿನಿ ತಟ್ಟೆಯಲ್ಲಿ ಊಟ ಬಡಿಸಿಕೊಂಡು ಹೊರಗೆ ಬಂದಳು. ನಮ್ಮ ಮನೆಯಲ್ಲಿ ಎಲ್ಲರೂ ಕೈಯಲ್ಲೇ ಉಣ್ಣುವವರು. ಅವಳು ತಟ್ಟೆಯ ಅಂಚಿಗೆ ಒಂದು ಚಮಚ ಇಟ್ಟಿದ್ದಳು. ವ್ಯಾನಿನ ಕಿಟಕಿಯೊಳಗೆ ಕೈಚಾಚಿ, ಚಮಚದ ಹಿಡಿ ಅವನ ಕಡೆಗೆ ಬರುವಂತೆ ತಟ್ಟೆಯನ್ನು ತಿರುಗಿಸಿ, ಅವನ ಕೈಗೆ ಕೊಟ್ಟಳು.