ಮೂರನೇ ತಿರುವಿನ ಹಲಗೆ

ಡಲ್ಲಾಸ್‌ನ ಉತ್ತರಕ್ಕಿದ್ದ ಆ ಸೈಕಲ್ ರೇಸಿನ ಟ್ರ್ಯಾಕ್‌ನ ಮರದ ಹಲಗೆಗಳು ಹಿಂದೊಮ್ಮೆ ಒಲಿಂಪಿಕ್ ಕ್ರೀಡಾಂಗಣವೊಂದರಲ್ಲಿದ್ದವು. ಕೂಟ ಮುಗಿದು ಆ ಕ್ರೀಡಾಂಗಣ ಪಾಳು ಬಿದ್ದಾಗ ಟ್ರ್ಯಾಕನ್ನು ಬಿಚ್ಚಿ, ಲಾರಿಗಳಲ್ಲಿ ಟೆಕ್ಸಸ್‌ಗೆ ತಂದು ಮತ್ತೆ ಜೋಡಿಸಿದ್ದರು. ಛಾವಣಿ ಮಾತ್ರ ಹಾಕಲಿಲ್ಲ. ಹದಿನೈದು ವರ್ಷದ ಬಿಸಿಲು ಮಳೆಗೆ ಮರ ಒಳಗೊಳಗೇ ಕೊಳೆಯಿತು.

ಜಯದೇವಿ ವಿಜಯಪುರದವಳು, ಹುಡುಗಿಯಾಗಿದ್ದಾಗ ಸೈಕಲ್ ರೇಸಿನಲ್ಲಿ ರಾಜ್ಯಮಟ್ಟದ ಪದಕ ಗೆದ್ದವಳು. ಈಗ ನಲವತ್ತೊಂದರ ವಯಸ್ಸಿನಲ್ಲಿ, ಡಲ್ಲಾಸ್ ಪಕ್ಕದ ಲಾಸ್ ಕೊಲಿನಾಸ್‌ನಲ್ಲಿ ಆಫೀಸಿನ ಕೆಲಸ. ಶನಿವಾರ ಬಂತೆಂದರೆ ಟ್ರ್ಯಾಕ್‌ನಲ್ಲಿರುತ್ತಿದ್ದಳು.

೨೦೧೪ರ ಜೂನ್‌ನಲ್ಲಿ ಒಂದು ರೇಸಿಗೆ ಮುಂಚೆ, ಮೂರನೇ ತಿರುವಿನಲ್ಲಿ ಹಲಗೆ ಎದ್ದಿರುವುದನ್ನು ಟ್ರ್ಯಾಕ್‌ನ ಮ್ಯಾನೇಜರ್ ಡಗ್ಲಸ್‌ಗೆ ತೋರಿಸಿದಳು. ಅವನು ಬೂಟುಗಾಲಲ್ಲಿ ಒಮ್ಮೆ ತುಳಿದು ನೋಡಿ, "ಏನೂ ಆಗಲ್ಲ, ಹೋಗು" ಎಂದ.

ಏಳನೇ ಸುತ್ತಿನಲ್ಲಿ ಅವಳ ಚಕ್ರದ ಕೆಳಗೇ ಹಲಗೆ ಚಟ್ಟನೆ ಮುರಿಯಿತು. ಬಿದ್ದವಳ ಮೇಲೆ ಹಿಂದಿನ ಇಬ್ಬರು ಬಂದು ಅಪ್ಪಳಿಸಿದರು. ಮುರಿದ ಹಲಗೆಯ ಗೇಣುದ್ದದ ಸಿಬಿರು ಅವಳ ತೊಡೆಯ ಒಂದು ಪಕ್ಕ ಹೊಕ್ಕು ಇನ್ನೊಂದು ಪಕ್ಕ ಹೊರಬಂದಿತ್ತು. ಡಗ್ಲಸ್ ಓಡಿ ಬಂದು ಮಂಡಿಯೂರಿ, ಗಾಯವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ.

ಹಲಗೆಯ ಮಾತನ್ನೆಲ್ಲ ಬೇಲಿಯಾಚೆಯಿಂದ ಕೇಳಿದ್ದ ಅವಳ ಗಂಡ ಚಿದಾನಂದ್ ಬೇಲಿ ಹಾರಿ ಬಂದು ಡಗ್ಲಸ್‌ನ ಮುಖಕ್ಕೇ ಒದ್ದ. ಬಿದ್ದವನ ಎದೆಯ ಮೇಲೆ ಕೂತು ಗುದ್ದಿದ.

"ಬಿಡ್ರಿ! ಸಾಯ್ತಾನ್ರಿ ಅವ!" ಜಯದೇವಿ ಕಿರುಚಿದಳು. ಅವನು ನಿಲ್ಲಿಸಲಿಲ್ಲ. ಮೂವರು ಸೇರಿ ಎಳೆದು ಬಿಡಿಸುವಷ್ಟರಲ್ಲಿ ಡಗ್ಲಸ್‌ನ ಎಡಗಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು.

ಚಿದಾನಂದ್ ಮೇಲಿನ ಹಲ್ಲೆ ಕೇಸಿನ ವಿಚಾರಣೆಯ ದಿನ, ಕೋರ್ಟಿನ ಹೊರಗೆ ಚಿದಾನಂದ್ ಅವಳ ಕೈ ಹಿಡಿದ. "ಅವನೇ ಮೊದಲು ಕೈ ಮಾಡಿದಾ ಅಂತ ಹೇಳು. ಅಷ್ಟ ಸಾಕು."

"ಅವನ ಕೈ ನನ್ನ ಕಾಲ ಮ್ಯಾಲಿತ್ತಲ್ರಿ. ರಕ್ತ ನಿಲ್ಲಸ್ತಿದ್ದಾ."

ಕೋರ್ಟಿನೊಳಗೆ ಅವಳು ಹಲಗೆಯ ವಿಷಯ ತಾನು ಡಗ್ಲಸ್‌ಗೆ ಮೊದಲೇ ತಿಳಿಸಿದ್ದನ್ನೂ ಹೇಳಿದಳು, ಗಂಡ ಒದ್ದದ್ದನ್ನೂ ಹೇಳಿದಳು. ಟ್ರ್ಯಾಕ್ ಮುಚ್ಚಿತು. ಚಿದಾನಂದ್‌ಗೆ ಎರಡು ವರ್ಷ ಜೈಲಾಯಿತು.

ಪ್ರತಿ ಭಾನುವಾರ ಅವಳು ಕುಂಟುತ್ತ ಜೈಲಿಗೆ ಹೋದಳು. ನಾಲ್ಕು ಭಾನುವಾರ ಅವನು ಭೇಟಿಯ ಕೋಣೆಗೆ ಬರಲೇ ಇಲ್ಲ. ಐದನೆಯದಕ್ಕೆ ಬಂದು ಎದುರು ಕೂತ.

"ಕಾಲು ಹ್ಯಾಂಗದ?"

"ನಡೀಲಿಕ್ಕೆ ಬರ್ತದ."

ಚಿದಾನಂದ್ ಮತ್ತೆ ಕೇಳಿದ: "ಡಗ್ಲಸ್‌ನ ಕಣ್ಣಿಗೆ ಇನ್ನೊಂದ್ ಆಪರೇಷನ್ ಮಾಡ್ತೀವಿ ಅಂತ ಡಾಕ್ಟರ್ ಅಂದಿದ್ರಲ್ಲ?"

"ಮಾಡಿದ್ರು. ಕಣ್ಣು ಹೋತ್ರಿ."

ಚಿದಾನಂದ್ ಮೇಜಿನ ಮೇಲಿದ್ದ ತನ್ನ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.