ಅಮೆರಿಕದ ಮೇಷ್ಟ್ರ ಹೊಸ್ತಿಲು

ಜಟ್ಟಪ್ಪ ಚಪ್ಪಲಿ ಬಿಟ್ಟು ಒಂದು ಕಾಲನ್ನು ಜಗಲಿಯ ಮೇಲಿಟ್ಟವನು ಅಲ್ಲೇ ನಿಂತುಬಿಟ್ಟ. ಹಿಂದಿನಿಂದ ಬಂದವರು ಅವನ ಪಕ್ಕದಲ್ಲೇ ನುಸುಳಿಕೊಂಡು ಒಳಗೆ ಹೋದರು. ಸಾವಿನ ಮನೆಗೆ ಕರೆಯೂ ಬೇಡ, ಅಪ್ಪಣೆಯೂ ಬೇಡ. ಬಾಗಿಲು ತೆರೆದೇ ಇರುತ್ತದೆ, ಹಗೆಯಾದವನೂ ಹೋಗಿ ಮುಖ ನೋಡಿ ಬರಬಹುದು. ಆದರೂ ಜಟ್ಟಪ್ಪನ ಇನ್ನೊಂದು ಕಾಲು ಮೇಲೇಳಲಿಲ್ಲ. ಮೂರು ವರ್ಷದ ಹಿಂದೆ ಇದೇ ಹೊಸ್ತಿಲನ್ನು ಅವನು ಬೂಟುಗಾಲಿನಲ್ಲಿ ದಾಟಿದ್ದ. ಆಮೇಲೆ ದಾಟಿರಲಿಲ್ಲ.

ಒಳಗೆ ಬೆನಕಪ್ಪ ಮೇಷ್ಟ್ರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನೆರೆದ ಜನರ ಭುಜಗಳ ನಡುವೆ ಅವರ ರುಮಾಲಿನ ತುದಿ ಮಾತ್ರ ಕಾಣುತ್ತಿತ್ತು. ಜಟ್ಟಪ್ಪ ಜೇಬು ಮುಟ್ಟಿ ನೋಡಿಕೊಂಡ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದ್ದ ಗಂಧದ ಕೊರಡು ಅಲ್ಲೇ ಇತ್ತು. ನಾಲ್ಕು ಬೆರಳುದ್ದದ ಕೊರಡು. ಮಣ್ಣಿಗೆ ಒಯ್ಯುವುದರೊಳಗೆ ಅದನ್ನು ಈ ಮನೆಗೆ ಮುಟ್ಟಿಸಬೇಕು, ಒಂದು ಸಲ ಬೆನಕಣ್ಣನ ಮುಖ ನೋಡಬೇಕು. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಜಗಲಿಯ ಮೇಲೆ ಚಹಾದಂಗಡಿಯ ಗುತ್ಯಪ್ಪ ಮೂಗು ಒರೆಸಿಕೊಳ್ಳುತ್ತಾ ಹೇಳುತ್ತಿದ್ದ:

"ಶಿವಮೊಗ್ಗದಿಂದ ಆಚೆ ಹೋದೋರಲ್ಲ. ಆದ್ರೂ ಊರೆಲ್ಲ ಅಮೆರಿಕದ ಮೇಷ್ಟ್ರು ಅಂತಲೇ ಕರೀತು."

"ನನ್ನ ಮಗ ಓದಿದ್ದು ಅವರ ಹತ್ರಾನೇ," ಎಂದಳು ಪಕ್ಕದ ಮನೆಯ ತಿಮ್ಮಮ್ಮ. "ಒಂದಿನ ಕಳ್ಳೆಕಾಯಿ ಕಳುವಾತಂತೆ. ಎಲ್ರ ಚೀಲ ಹುಡುಕಿ ಸಾರ್ ಅಂದ್ರೆ, ಯಾರ ಚೀಲ ಹೇಳು, ಯಾಕೆ ಅನುಮಾನ ಹೇಳು, ಸುಮ್ಸುಮ್ನೆ ನಾನು ಯಾರ ಚೀಲಕ್ಕೂ ಕೈ ಹಾಕಲ್ಲ ಅಂದ್ರಂತೆ."

"ಕಳ್ಳ ಸಿಕ್ನೇನು?"

"ಎಲ್ಲಿ ಸಿಕ್ತಾನೆ? ತಿಂದು ಸಿಪ್ಪೆ ಉಗುಳಿದ್ದೇ ನನ್ನ ಮಗ."

ದುಃಖದ ನಡುವೆಯೂ ಜಗಲಿಯಲ್ಲಿ ಸಣ್ಣದೊಂದು ನಗೆ ಎದ್ದು ಅಡಗಿತು. ಗುತ್ಯಪ್ಪನ ಕಣ್ಣು ಜಟ್ಟಪ್ಪನ ಮೇಲೆ ಬಿತ್ತು. "ಯಾಕ್ರೀ ದಫೇದಾರ್ರೇ, ಹೊರಗೇ ನಿಂತ್ರಿ? ಹೋಗ್ರಿ ಒಳಗೆ. ಸಾವಿನ ಮನೆ, ಯಾರನ್ನ ಕೇಳ್ಬೇಕು?"

ಯಾರನ್ನು ಕೇಳಬೇಕು ಎಂಬುದು ಜಟ್ಟಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

*

ಇಬ್ಬರೂ ಉಡುತಡಿಯವರು, ಒಂದೇ ಕೆರೆಯಲ್ಲಿ ಈಜು ಕಲಿತವರು. ಒಬ್ಬ ಮೇಷ್ಟ್ರಾದ, ಇನ್ನೊಬ್ಬ ಪೊಲೀಸಾದ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಈ ಊರಿಗೆ ಇಬ್ಬರಿಗೂ ವರ್ಗವಾದಾಗ ಕುಣಿದಾಡುವುದೊಂದು ಬಾಕಿ. ಸಂಜೆಯಾದರೆ ಜಟ್ಟಪ್ಪ ಬೆನಕಣ್ಣನ ಪಡಸಾಲೆಯಲ್ಲಿ ಮಜ್ಜಿಗೆ ಕುಡಿಯುತ್ತಾ ಅಮೆರಿಕದ ಚರಿತ್ರೆ ಕೇಳುತ್ತಿದ್ದ. ಇಂಗ್ಲೆಂಡಿನ ರಾಜನ ಆಳುಗಳು ಒಂದೇ ಕಾಗದ ಹಿಡಿದು ಯಾವ ಮನೆಗೆ ಬೇಕಾದರೂ ನುಗ್ಗುತ್ತಿದ್ದರಂತೆ. ಅಲ್ಲಿನ ಜನ ಅದಕ್ಕೇ ಸಿಟ್ಟಿಗೆದ್ದರಂತೆ. ಸ್ವತಂತ್ರರಾದ ಮೇಲೆ ತಮ್ಮ ಸಂವಿಧಾನಕ್ಕೆ ಸೇರಿಸಿ ಬರೆದುಕೊಂಡರಂತೆ: ಯಾವ ಮನೆ, ಯಾವ ವಸ್ತು ಎಂದು ಹೆಸರಿಸದ ಕಾಗದಕ್ಕೆ ಬೆಲೆಯಿಲ್ಲ ಎಂದು.

"ನಮ್ಮ ಸಂವಿಧಾನದಾಗೆ ಅದನ್ನ ಬರೆದಿಲ್ಲಲ್ಲ ಬೆನಕಣ್ಣ?" ಎಂದು ಜಟ್ಟಪ್ಪ ಕೆಣಕುತ್ತಿದ್ದ.

"ಬರೆದಿಲ್ಲ. ಬರೆಯೋವರೆಗೂ ಮರ್ಯಾದೆ ಐತಲ್ಲ, ಅದರ ಮೇಲೆ ನಡೀಬೇಕು," ಎನ್ನುತ್ತಿದ್ದರು ಮೇಷ್ಟ್ರು.

ಮೂರು ವರ್ಷದ ಹಿಂದಿನ ಬೇಸಿಗೆಯಲ್ಲಿ ಸರ್ಕಾರದ ಗಂಧದ ಮರಗಳು ಕಳುವಾದವು. ಹೆಸರಿಲ್ಲದ ಅರ್ಜಿಯೊಂದು ಬಂತು: ಮಾಲು ಮೇಷ್ಟ್ರ ಕೇರಿಯಲ್ಲಿದೆ. ಸಾಹೇಬರು ಕೇರಿಯ ಮನೆಗಳನ್ನೆಲ್ಲ ಜಾಲಾಡಿಸಿ ಬಾ ಎಂದರು, ಬರಿಗೈಯಲ್ಲಿ ಬರಬೇಡ ಎಂದೂ ಸೇರಿಸಿದರು. ಮನೆ ಶೋಧಿಸಲು ಬೇಕಾದ ಕೋರ್ಟಿನ ಕಾಗದದ ಮಾತೇ ಬರಲಿಲ್ಲ. ಗೆಳೆಯನ ಮನೆಯಿಂದಲೇ ಶುರುಮಾಡಿದರೆ ಉಳಿದವರು ತಕರಾರು ತೆಗೆಯಲಾರರು ಎಂದು ಜಟ್ಟಪ್ಪ ಲೆಕ್ಕ ಹಾಕಿದ. ದಿನಾ ಮಜ್ಜಿಗೆ ಕುಡಿಯುವ ಮನೆಗೆ ಹೋಗಲು ಕೇಳುವುದೇನಿದೆ ಎಂದುಕೊಂಡ. ತಪ್ಪಿದ್ದು ಅಲ್ಲೇ.

ಮೇಷ್ಟ್ರು ಎರಡು ಕೈಗಳನ್ನೂ ಬಾಗಿಲ ಚೌಕಟ್ಟಿಗೆ ಕೊಟ್ಟು ನಿಂತಿದ್ದರು.

"ಜಟ್ಟಾ, ಕಾಗದ ಎಲ್ಲಿ?"

"ನಿನ್ನ ಮನೆಗೆ ಬರಾಕೆ ನಂಗೆ ಕಾಗದ ಬೇಕೇನು?"

"ಜಟ್ಟ ಬರಾಕೆ ಬೇಡ. ದಫೇದಾರ ಬರಾಕೆ ಬೇಕು."

ಹಿಂದಿದ್ದ ಪೇದೆಗಳು ಕಿಸಕ್ಕನೆ ನಕ್ಕರು. ಪಂಚನಾಮೆಗೆ ರುಜು ಹಾಕಲು ಕರೆತಂದಿದ್ದ ಪಂಚರಲ್ಲಿ ಒಬ್ಬ, "ಶುರುವಾತು ಅಮೆರಿಕದ ಕಾನೂನು," ಎಂದ. ಜಟ್ಟಪ್ಪನ ಕಿವಿ ಬಿಸಿಯಾಯಿತು. ಮೇಷ್ಟ್ರು ದನಿ ತಗ್ಗಿಸಿದರು.

"ಕಾಗದ ಇಲ್ದಿದ್ರೆ ಹೋಗ್ಲಿ. ಒಳಗೆ ಬರ್ಲಾ ಅಂತ ಒಂದು ಮಾತು ಕೇಳು. ಬಿಡ್ತೀನಿ."

ಒಂದು ಮಾತು. ನಾಲ್ಕು ಜನರೆದುರು ಅದು ಬಾಯಿಂದ ಬರಲಿಲ್ಲ. ಅವನು ಭುಜ ಕೊಟ್ಟು ನೂಕಿದ. ಚೌಕಟ್ಟು ಹಿಡಿದಿದ್ದ ಕೈ ಕಳಚಿತು.

ಅಕ್ಕಿಯ ಮಡಕೆ ಬೋರಲಾಯಿತು, ಪೆಟ್ಟಿಗೆಯ ಸೀರೆಗಳು ಅಂಗಳಕ್ಕೆ ಬಿದ್ದವು. ಏನೂ ಸಿಗಲಿಲ್ಲ. ಕಡೆಗೆ ದೇವರ ಗೂಡಿನಲ್ಲಿ ಮೇಷ್ಟ್ರ ತಾಯಿಯ ಕಾಲದ ಕೊರಡು ಸಿಕ್ಕಿತು. ತೇಯ್ದು ತೇಯ್ದು ಒಂದು ಮಗ್ಗುಲು ಸವೆದುಹೋಗಿದ್ದ ಕೊರಡು. ಬರಿಗೈಯಲ್ಲಿ ಹೋಗಬಾರದಲ್ಲ. 'ಗಂಧದ ತುಂಡು ಒಂದು' ಎಂದು ಜಟ್ಟಪ್ಪ ಪಂಚನಾಮೆ ಬರೆಸಿದ.

ಮೇಷ್ಟ್ರು ಒಂದು ರಾತ್ರಿ ಲಾಕಪ್ಪಿನಲ್ಲಿದ್ದರು, ಎರಡು ತಿಂಗಳು ಕೆಲಸವಿಲ್ಲದೆ ಕೂತರು. ಮ್ಯಾಜಿಸ್ಟ್ರೇಟರು ಕೊರಡನ್ನು ತಿರುಗಿಸಿ ನೋಡಿ, ಇದಕ್ಕೆ ಹಿಡಿಯುವುದಾದರೆ ತಾಲ್ಲೂಕಿನ ಪೂಜೆ ಮಾಡುವವರನ್ನೆಲ್ಲ ಹಿಡಿಯಬೇಕಾಗುತ್ತದೆ ಎಂದು ಕೇಸು ವಜಾ ಮಾಡಿದರು. ಕೆಲಸ ಮತ್ತೆ ಸಿಕ್ಕಿತು. ಆದರೆ ಅಮೆರಿಕದ ಪಾಠ ಬಂದಾಗ ಮೇಷ್ಟ್ರು, "ನೀವೇ ಓದಿಕೊಳ್ರಪ್ಪ," ಎಂದು ಕಿಟಕಿಯ ಕಡೆ ತಿರುಗುತ್ತಿದ್ದರಂತೆ. ಇದನ್ನು ಕೇಳಿದ ದಿನ ಜಟ್ಟಪ್ಪನಿಗೆ ಅನ್ನ ಇಳಿಯಲಿಲ್ಲ. ಕೋರ್ಟು ಹಿಂದಿರುಗಿಸಿದ ಕೊರಡನ್ನು ತಾನೇ ಕೊಡುತ್ತೇನೆಂದು ಇಸಿದುಕೊಂಡು ಬಂದಿದ್ದ. ಅದು ಅವನ ಟ್ರಂಕಿನಲ್ಲೇ ಉಳಿಯಿತು. ಈ ಮನೆಯ ಮುಂದೆ ಹಾಯುವಾಗಲೆಲ್ಲ ಅವನು ಆಚೆಗೆ ಮುಖ ಮಾಡಿಕೊಂಡು ಹೋಗುತ್ತಿದ್ದ.

*

ಹೊರಗೆ ಬಾಳೆದಿಂಡು, ಹೂವು ಕಟ್ಟಿ ಹೆಣ ಕೂರಿಸಿ ಒಯ್ಯುವ ವಿಮಾನ ಸಿದ್ಧಮಾಡಿದ್ದರು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು, "ಹೊತ್ತಾತು, ಎಬ್ಬಿಸ್ರಪ್ಪ," ಎಂದು ಅವಸರಿಸಿದರು.

ಇನ್ನು ತಡೆದರೆ ಆಗದು. ಜಟ್ಟಪ್ಪ ಜಗಲಿ ಹತ್ತಿ ಹೊಸ್ತಿಲಿನ ಈಚೆ ನಿಂತು ಗಂಟಲು ಸರಿಮಾಡಿಕೊಂಡ.

"ಅತ್ತಿಗೇ, ನಾನು ಜಟ್ಟ. ಒಳಗೆ ಬರ್ಲಾ?"

ಜಗಲಿಯವರು ತಿರುಗಿ ನೋಡಿದರು. ಹೆಣದ ಮನೆಯಲ್ಲಿ ಹೀಗೆ ಅಪ್ಪಣೆ ಕೇಳಿದವನನ್ನು ಯಾರೂ ಕಂಡಿರಲಿಲ್ಲ. ಅಕ್ಕನಾಗಮ್ಮ ಗಂಡನ ಪಕ್ಕದಿಂದ ಎದ್ದು ಬಂದಳು. ಅತ್ತು ಅವಳ ಮುಖ ಊದಿತ್ತು.

"ಕಾಗದ ತಂದೀಯೇನು?"

"ಇಲ್ಲ ಅತ್ತಿಗೆ. ಇದನ್ನ ತಂದೀನಿ." ಹಾಳೆ ಬಿಚ್ಚಿ ಕೊರಡನ್ನು ಚಾಚಿದ.

ಅವಳು ಅದನ್ನು ತೆಗೆದುಕೊಂಡಳು. ಒಳಗೆ ಹೋಗಿ ಸಾಣೆಕಲ್ಲಿಗೆ ನೀರು ಚಿಮುಕಿಸಿ ತೇಯತೊಡಗಿದಳು. ಕಲ್ಲಿನ ಸದ್ದಿನ ಹಿಂದೆಯೇ ಗಂಧದ ವಾಸನೆ ಬಾಗಿಲವರೆಗೆ ಬಂತು. ಅವಳು ಗಂಡನ ಹಣೆಗೆ ಅದನ್ನು ಹಚ್ಚಿ, ಅದೇ ಒದ್ದೆ ಬೆರಳಲ್ಲಿ ಮತ್ತೆ ಬಾಗಿಲಿಗೆ ಬಂದಳು.

"ಜಟ್ಟಪ್ಪ, ಸಂಜೆ ಆದ್ರೆ ಅವರು ಇಲ್ಲೇ ಬಾಗಿಲು ತೆಗೆದಿಟ್ಕೊಂಡು ಕೂರ್ತಿದ್ರು. ಜಟ್ಟ ಬಂದು ಕೇಳಿದ್ರೆ ಒಳಗೆ ಬಿಡು, ಮಜ್ಜಿಗೆ ಕೊಡು ಅಂತಿದ್ರು. ಮೂರು ವರ್ಷ ಕಣೋ. ನೀನು ದಿನಾ ಮುಂದೇನೇ ಹೋಗ್ತಿದ್ದಿ. ಕೇಳಬಾರದಿತ್ತೇನೋ ಒಂದು ಮಾತು?"

ಜಟ್ಟಪ್ಪ ಖಾಲಿ ಹಾಳೆಯನ್ನು ಮಡಚಿ ಜೇಬಿಗಿಟ್ಟ.

"ಬಾ ಒಳಗೆ," ಎಂದಳು ಅಕ್ಕನಾಗಮ್ಮ.

ಅಷ್ಟರಲ್ಲಿ ಒಳಗಿದ್ದವರು ಮೇಷ್ಟ್ರನ್ನು ಕೂತ ಭಂಗಿಯಲ್ಲೇ ಎತ್ತಿಯಾಗಿತ್ತು. ಬಾಗಿಲು ಕಿರಿದು. ಹೊತ್ತವರು ಹೊಸ್ತಿಲಿನಲ್ಲಿ ಒಂದು ಗಳಿಗೆ ತಡೆದರು. ಬೆನಕಣ್ಣ ಚೌಕಟ್ಟಿನ ತುಂಬ ಕೂತು ಅವನಿಗೆ ಎದುರಾದರು. ಹಣೆಯ ಗಂಧ ಇನ್ನೂ ಆರಿರಲಿಲ್ಲ. ಮಾಲೆಯ ಕೆಳಗಿಂದ ಜಾರಿದ ಬಲಗೈ ಚೌಕಟ್ಟಿನ ಮರಕ್ಕೆ ತಗುಲಿ ನಿಂತಿತು.

"ದಾರಿ ಬಿಡ್ರೀ," ಎಂದರು ಯಾರೋ.

ಜಟ್ಟಪ್ಪ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, ಮೆಲ್ಲನೆ ಮರದಿಂದ ಬಿಡಿಸಿ, ಅವರ ತೊಡೆಯ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತ.