ಘನಿಯಾಳ ಮದುವೆಯ ಸಿ.ಡಿ.

ತುಫೂಲ್‌ಳ ಕೈಗುಣದ ಬಗ್ಗೆ ಒಮಾನಿನ ಸಲಾಲಾ ಊರಿನ ಆ ಬೀದಿಯಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಅವಳ ಅತ್ತೆ ಶಮ್ಸಾ ಒಬ್ಬಳನ್ನು ಬಿಟ್ಟು. ತಾಂತ್ರಿಕ ಕಾಲೇಜಿನಲ್ಲಿ ಕಂಪ್ಯೂಟರ್ ರಿಪೇರಿ ಕಲಿತು ಬಂದ ಸೊಸೆ, ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯನ್ನು ಕೇಳಿದ್ದಳು. ಹೆಂಗಸರಿಗಾಗಿ ಹೆಂಗಸೇ ನಡೆಸುವ ರಿಪೇರಿ ಅಂಗಡಿ ಹಾಕಬೇಕೆಂದು ಅವಳ ಆಸೆ. ಗಂಡ ಮುಸಲ್ಲಂ "ಅಮ್ಮನ್ನ ಕೇಳು" ಎಂದು ಜಾರಿಕೊಂಡಿದ್ದ. ಅಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಇವತ್ತು ಶಮ್ಸಾಳ ಬೀಗಿತ್ತಿ ಬಖೀತಾ ತನ್ನ ಕಡೆಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ಶಮ್ಸಾಳ ಮಗಳು ಘನಿಯಾ ಆ ಮನೆಗೆ ಸೊಸೆಯಾಗಿ ಹೋದ ಮದುವೆಯ ಸಿ.ಡಿ. ನೋಡಬೇಕಿತ್ತು. ಕಾಫಿ, ಖರ್ಜೂರ, ಹಲ್ವಾ ಒಂದು ಸುತ್ತು ಆಯಿತು. ಸಿ.ಡಿ. ಕಂಪ್ಯೂಟರಿನ ಒಳಗೆ ಹೋಯಿತು, ಗಿರ್ರೆಂದಿತು, ನಿಂತಿತು. ಪರದೆಯ ಮೇಲೆ ಏನೂ ಮೂಡಲಿಲ್ಲ.

"ನಿಮ್ಮ ಹುಡುಗಿ ನಮ್ಮನೇಲೂ ಹೀಗೇ. ಎಷ್ಟು ಕರೆದ್ರೂ ಹೊರಗೆ ಬರಲ್ಲ," ಎಂದಳು ಬಖೀತಾ. ಹೆಂಗಸರು ನಕ್ಕರು. ಶಮ್ಸಾಳಿಗೆ ಮೈಯೆಲ್ಲ ಉರಿದುಹೋಯಿತು.

ಬಾಗಿಲಾಚೆಯಿಂದ ಮುಸಲ್ಲಂ, "ಪೇಟೆ ಅಂಗಡಿಗೆ ಕೊಟ್ಟು ಬರ್ಲಾ ಅಮ್ಮಾ?" ಎಂದ.

"ನಮ್ಮ ಹೆಣ್ಣುಮಕ್ಕಳು ಕೂದಲು ಬಿಟ್ಟು ಕುಣಿದದ್ದನ್ನ ಅಂಗಡಿ ಗಂಡಸರು ಕೂತು ನೋಡ್ಲಿ ಅಂತಲಾ? ಸುಮ್ನೆ ಹೋಗೋ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಕೋಣೆ ಬೇಕು ಅಂತಿದ್ಯಲ್ಲ, ಇಲ್ಲೇ ಎಲ್ಲರ ಮುಂದೆ ಮಾಡಿ ತೋರಿಸು. ಆಗಲಿಲ್ಲ ಅಂದ್ರೆ ಆ ಮಾತು ಇನ್ನು ಎತ್ತಬೇಡ."

ಬೇರೆಯವಳಾಗಿದ್ದರೆ ಬೆವರುತ್ತಿದ್ದಳು. ತುಫೂಲ್‌ಗೆ ಖುಷಿಯೇ ಆಯಿತು. ಅಂಗಿಯ ತೋಳು ಮಡಚಿ ಕೂತಳು.

ಮೊದಲು ಬೇರೊಂದು ಸಿ.ಡಿ. ಹಾಕಿದಳು. ಅದೂ ಓಡಲಿಲ್ಲ, ಅಂದರೆ ಮದುವೆಯ ಸಿ.ಡಿ. ಕೆಟ್ಟಿಲ್ಲ. ಡ್ರೈವಿನ ತಟ್ಟೆ ಸಲೀಸಾಗಿ ಹೊರಬರುತ್ತಿತ್ತು, ದೀಪ ಮಿನುಗುತ್ತಿತ್ತು, ಮೋಟಾರು ತಿರುಗುತ್ತಿತ್ತು. ಕೇಬಲ್ಲೂ ಭದ್ರವಾಗಿತ್ತು. ಉಳಿದದ್ದು ಸಿ.ಡಿ.ಯನ್ನು ಓದುವ ಪುಟ್ಟ ಲೆನ್ಸ್ ಒಂದೇ.

"ಲೆನ್ಸಿಗೆ ಏನೋ ಅಂಟಿದೆ ಅತ್ತೆ. ಬಿಚ್ಚಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದಳು ಶಮ್ಸಾ. "ಏನೂ ಅಂಟಿಲ್ಲ, ಇಷ್ಟು ಜನರ ದೃಷ್ಟಿ ತಾಕಿದೆ." ಒಳಗೆ ಹೋಗಿ ಕೆಂಡದ ಮೇಲೆ ಲೋಬಾನ ಉದುರಿಸಿ ಧೂಪದಾನಿ ತಂದಳು. ದಿನವೂ ಸಂಜೆ ಮಾಡುವ ಹಾಗೆಯೇ ಕಂಪ್ಯೂಟರಿನ ಸುತ್ತ ನಿಧಾನವಾಗಿ ಆಡಿಸಿದಳು.

ಹೊಗೆ ಮೇಲಕ್ಕೆ ಹೋಗಲಿಲ್ಲ. ಒಳಗಿನ ಫ್ಯಾನಿನ ಸೆಳೆತಕ್ಕೆ ತೆಳ್ಳಗೆ ಬಾಗಿ, ಸಿ.ಡಿ. ತಟ್ಟೆಯ ಸಂದಿನಲ್ಲಿ ನುಸುಳಿತು.

ತುಫೂಲ್ ನೋಡಿದಳು. ಕಾಯಿಲೆ ಸಿಕ್ಕಿತ್ತು, ಆದರೆ ಅದನ್ನು ತಂದವಳು ಅತ್ತೆ. ಬೀಗಿತ್ತಿಯ ಎದುರು ಅದನ್ನಂದರೆ ಕೋಣೆಯ ಆಸೆಗೆ ಎಳ್ಳುನೀರು ಬಿಟ್ಟ ಹಾಗೆಯೇ. ಕರೆಂಟು ತೆಗೆದು, ಡ್ರೈವನ್ನು ಹೊರಗೆಳೆದು, ತಿರುಪು ಬಿಚ್ಚಿ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಲೆನ್ಸನ್ನು ಹಗುರವಾಗಿ ಒರೆಸಿದಳು. ಹತ್ತಿ ಕಂದು ಬಣ್ಣಕ್ಕೆ ತಿರುಗಿತು. ಅದನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ಎಲ್ಲವನ್ನೂ ಮೊದಲಿನಂತೆ ಜೋಡಿಸಿದಳು.

ಪರದೆಯ ಮೇಲೆ ಘನಿಯಾ ಹಸಿರು ಉಡುಪಿನಲ್ಲಿ ಬಂದಳು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು.

"ಏನಾಗಿತ್ತೇ ಹುಡುಗಿ?" ಎಂದಳು ಬಖೀತಾ.

"ಏನಿಲ್ಲ, ಸ್ವಲ್ಪ ಕೊಳೆ."

ತುಫೂಲ್ ಅತ್ತೆಗೆ ಒಳ್ಳೆಯದನ್ನೇ ಮಾಡಲು ಹೋಗಿದ್ದಳು, ಪಾಪ.

"ಕೊಳೆಯಾ? ನಿಮ್ಮನೇಲಾ ಶಮ್ಸಾ? ನಮ್ಮ ಸೊಸೆ ಇಂಥಾ ಮನೇಲಿ ಬೆಳೆದದ್ದಾ?"

ಶಮ್ಸಾ ಎದ್ದು ಬಂದು ಸೊಸೆಯ ಮುಷ್ಟಿ ಬಿಡಿಸಿದಳು. ಹತ್ತಿಯನ್ನು ಮೂಗಿಗೆ ಹಿಡಿದಳು. ಹುಟ್ಟಿದಾಗಿನಿಂದ ಬಲ್ಲ ವಾಸನೆ ಸ್ಪಿರಿಟ್ಟಿನ ಜತೆಗೂ ಗೊತ್ತಾಗದೆ ಇರುತ್ತದೆಯೇ? ಬೀಗಿತ್ತಿಯ ಕಡೆ ತಿರುಗಿದಳು.

"ಕೊಳೆ ಅಲ್ಲ ಬಖೀತಾ. ಲೋಬಾನ, ನಮ್ಮ ಬೆಟ್ಟದ್ದು, ಮೊದಲನೇ ದರ್ಜೆ ಮಾಲು. ದಿನಾ ಹಾಕಿದ್ದು ನಾನೇ. ಇವಳು ನನ್ನ ಮಾನ ಕಾಯೋಕೆ ಹೋಗಿ ಮನೆ ಮಾನ ಕಳೀತಿದ್ಳು."

ಧೂಪದಾನಿ ಎತ್ತಿಕೊಂಡು ಬಾಗಿಲವರೆಗೆ ಹೋಗಿ ನಿಂತಳು.

"ತುಫೂಲ್, ನಾಳೆ ಆ ಮುಂದಿನ ಕೋಣೆ ಗೋಡೆ ತೊಳೆಸು. ನಾನು ಮದುವೆಯಾಗಿ ಬಂದಾಗಿನ ಹೊಗೆ ಇದೆ ಅಲ್ಲಿ. ಇನ್ನು ನಾನು ಅದರ ಹೊಸ್ತಿಲೊಳಗೆ ಧೂಪ ತರಲ್ಲ."

"ಅಯ್ಯೋ, ಧೂಪ ಇಲ್ಲದ ಕೋಣೆಯಾ?" ಎಂದಳು ಬಖೀತಾ. "ದೃಷ್ಟಿ ತಾಕಿದ್ರೆ?"

"ತಾಕ್ಲಿ ಬಿಡು," ಎಂದಳು ಶಮ್ಸಾ. "ನನ್ನ ಸೊಸೆ ರಿಪೇರಿ ಮಾಡ್ತಾಳೆ."